ಕಂಚಿನಲ್ಲಿ ಅಚ್ಚಾದ ವಾಗ್ದಾನ: ರೋಮ್ ಸಾಮ್ರಾಜ್ಞಿಯರ ನಾಣ್ಯಗಳು

ಗಣರಾಜ್ಯ ಭಾರತದ ಮೊದಲ ನಾಣ್ಯಮಾಲೆ 1950ರಲ್ಲಿ ಚಲಾವಣೆಗೆ ಬಂದಾಗ ಬ್ರಿಟಿಷ್ ದೊರೆಯ ಮುಖವಿದ್ದ ಸ್ಥಳದಲ್ಲಿ ಅಶೋಕಸ್ತಂಭದ ಸಿಂಹಗಳೂ, ರೂಪಾಯಿಯ ಹಿಂಬದಿಯಲ್ಲಿ ಹುಲಿಯ ಬದಲಿಗೆ ಧಾನ್ಯದ ತೆನೆಗಳೂ ಮೂಡಿದವು. ಆಹಾರದ ಅಭಾವವನ್ನೂ ಪಡಿತರದ ಬವಣೆಯನ್ನೂ ಕಂಡಿದ್ದ ಜನರಿಗೆ ಆ ತೆನೆಗಳ ಅರ್ಥವನ್ನು ಯಾರೂ ವಿವರಿಸಬೇಕಾಗಿರಲಿಲ್ಲ. ಸರ್ಕಾರದ ಆದೇಶಪತ್ರಗಳು ಕೆಲವರ ಕೈಗೆ ಮಾತ್ರ ತಲುಪುತ್ತವೆ. ನಾಣ್ಯ ಎಲ್ಲರ ಕೈಗೂ ತಲುಪುತ್ತದೆ. ಈ ಅನುಕೂಲವನ್ನು ಪ್ರಾಚೀನ ರೋಮನ್ನರಷ್ಟು ವ್ಯವಸ್ಥಿತವಾಗಿ ಬಳಸಿಕೊಂಡ ರಾಜ್ಯಗಳು ವಿರಳ.

ಕ್ರಿಸ್ತಶಕದ ಮೊದಲ ನಾಲ್ಕು ಶತಮಾನಗಳಲ್ಲಿ ರೋಮ್ ಸಾಮ್ರಾಜ್ಯ ಅಚ್ಚುಹಾಕಿದ ಕಂಚಿನ ನಾಣ್ಯಗಳಲ್ಲಿ ಒಂದು ವಿಶಿಷ್ಟ ವರ್ಗವಿದೆ. ಮುಂಬದಿಯಲ್ಲಿ ಚಕ್ರವರ್ತಿಯ ಪತ್ನಿಯ, ತಾಯಿಯ ಅಥವಾ ಮಗಳ ಮುಖ. ಹಿಂಬದಿಯಲ್ಲಿ ಕೂಸುಗಳನ್ನು ಎತ್ತಿಕೊಂಡ ಸ್ತ್ರೀ, ಹಣ್ಣು-ಕಾಳುಗಳಿಂದ ತುಂಬಿ ತುಳುಕುವ ಕೊಂಬು ಅಥವಾ ಗೋಧಿಯ ತೆನೆ ಹಿಡಿದ ದೇವತೆ. ನಾಣ್ಯಶಾಸ್ತ್ರಜ್ಞರು ಇವುಗಳ ಕಲೆಯನ್ನು ಮೆಚ್ಚುತ್ತಾರೆ. ವಾಣಿಜ್ಯ ಬಲ್ಲವರಿಗೆ ಇವು ಇನ್ನೊಂದು ಕಾರಣಕ್ಕೆ ಸ್ವಾರಸ್ಯಕರ. ಇವುಗಳಲ್ಲಿ ಪ್ರತಿಯೊಂದೂ ಸಾಮ್ರಾಜ್ಯದ ಭವಿಷ್ಯದ ಬಗ್ಗೆ ಅಧಿಕೃತವಾಗಿ ಮಾಡಿದ ಒಂದು ಹೇಳಿಕೆ. ಆ ಹೇಳಿಕೆಗಳಲ್ಲಿ ಎಷ್ಟು ನಿಜವಾದವು ಎಂಬುದನ್ನು ಇತಿಹಾಸದ ದಾಖಲೆಗಳೊಡನೆ ತಾಳೆ ನೋಡಲು ಇಂದು ಸಾಧ್ಯವಿದೆ.

ಟಂಕಸಾಲೆ ಮತ್ತು ಅದರ ಅಧಿದೇವತೆ

ಗಣರಾಜ್ಯದ ಕಾಲದಲ್ಲಿ ರೋಮ್ ನಗರದ ಟಂಕಸಾಲೆ ಇದ್ದದ್ದು ಕ್ಯಾಪಿಟೋಲಿನ್ ಬೆಟ್ಟದ ಮೇಲಿನ ಜೂನೋ ಮೊನೇಟಾ ದೇವಿಯ ಆಲಯದ ಬಳಿ. ಈ 'ಮೊನೇಟಾ' ಎಂಬ ಹೆಸರಿನಿಂದಲೇ ಇಂಗ್ಲಿಷಿನ 'ಮನಿ' ಮತ್ತು 'ಮಿಂಟ್' ಎಂಬ ಎರಡೂ ಪದಗಳು ಹುಟ್ಟಿವೆ. ಇದೇ ಜೂನೋ ದೇವಿಯನ್ನು ರೋಮನ್ ಸ್ತ್ರೀಯರು ಹೆರಿಗೆಯ ಸಮಯದಲ್ಲಿ 'ಜೂನೋ ಲುಸೀನಾ' ಎಂಬ ಹೆಸರಿನಿಂದ ಪ್ರಾರ್ಥಿಸುತ್ತಿದ್ದರು. ಹೀಗೆ ಹಣಕ್ಕೂ ಹೆರಿಗೆಗೂ ಒಬ್ಬಳೇ ದೇವಿ ರಕ್ಷಕಳಾಗಿದ್ದಳು.

ಕ್ರಿಸ್ತಪೂರ್ವ ಮೊದಲ ಶತಮಾನದ ಕೊನೆಯ ಭಾಗದಲ್ಲಿ ಅಗಸ್ಟಸ್ ಚಕ್ರವರ್ತಿಯು ನಾಣ್ಯವ್ಯವಸ್ಥೆಯನ್ನು ಪುನರ್ರಚಿಸಿದನು. ಚಿನ್ನದ ಒಂದು ಆರಿಯಸ್‌ಗೆ ಬೆಳ್ಳಿಯ 25 ಡಿನೇರಿಯಸ್; ಒಂದು ಡಿನೇರಿಯಸ್‌ಗೆ 4 ಸೆಸ್ಟರ್ಶಿಯಸ್; ಒಂದು ಸೆಸ್ಟರ್ಶಿಯಸ್‌ಗೆ 2 ಡುಪೊಂಡಿಯಸ್ ಅಥವಾ 4 ಆಸ್. ಇವುಗಳಲ್ಲಿ ಸೆಸ್ಟರ್ಶಿಯಸ್ ಮತ್ತು ಡುಪೊಂಡಿಯಸ್ ಹಿತ್ತಾಳೆಯವು, ಆಸ್ ತಾಮ್ರದ್ದು. ಆದರೂ ಇವೆಲ್ಲವನ್ನೂ ಒಟ್ಟಾಗಿ 'ಕಂಚಿನ ನಾಣ್ಯಗಳು' ಎಂದು ಕರೆಯುವುದು ರೂಢಿ. ಸುಮಾರು 25 ಗ್ರಾಂ ತೂಕದ ಸೆಸ್ಟರ್ಶಿಯಸ್ ಅಗಲವಾದ ನಾಣ್ಯವಾದ್ದರಿಂದ ಚಿತ್ರ ಕೆತ್ತುವವನಿಗೆ ಸಾಕಷ್ಟು ಅವಕಾಶವಿತ್ತು.

ಚಿನ್ನ ಶ್ರೀಮಂತರ ಪೆಟ್ಟಿಗೆಯಲ್ಲಿ ಉಳಿಯುತ್ತಿತ್ತು. ಕಂಚು ಸಂತೆ ಬೀದಿಯಲ್ಲಿ ಓಡಾಡುತ್ತಿತ್ತು. ಪೊಂಪೇಯ ಪಾನಗೃಹವೊಂದರ ಗೋಡೆಯ ಮೇಲೆ ದ್ರಾಕ್ಷಾರಸದ ದರಗಳನ್ನು ಗುಣಮಟ್ಟಕ್ಕೆ ತಕ್ಕಂತೆ 1, 2 ಮತ್ತು 4 ಆಸ್ ಎಂದು ಬರೆದಿರುವುದು ಇಂದಿಗೂ ಓದಲು ಸಿಗುತ್ತದೆ. ಡೊಮಿಷಿಯನ್ ಚಕ್ರವರ್ತಿಯ ಕಾಲದಿಂದ ಕಾಲಾಳು ಸೈನಿಕನೊಬ್ಬನ ವಾರ್ಷಿಕ ವೇತನ 300 ಡಿನೇರಿಯಸ್, ಅಂದರೆ 1,200 ಸೆಸ್ಟರ್ಶಿಯಸ್ ಆಗಿತ್ತು. ಸಾಮಾನ್ಯರೊಡನೆ ಮಾತನಾಡಬಯಸಿದ ಆಡಳಿತಕ್ಕೆ ಈ ಅಗ್ಗದ ಲೋಹವೇ ತಕ್ಕ ಮಾಧ್ಯಮವಾಗಿತ್ತು. ಕಂಚಿನ ನಾಣ್ಯಗಳ ಮೇಲೆ 'ಎಸ್ ಸಿ' ಎಂಬ ಎರಡು ಅಕ್ಷರಗಳಿರುತ್ತಿದ್ದವು. 'ಸೆನೆಟ್ಟಿನ ನಿರ್ಣಯದಂತೆ' ಎಂಬುದು ಅವುಗಳ ಅರ್ಥ. ಆದರೆ ಯಾರ ಮುಖ, ಯಾವ ಚಿತ್ರ ಎಂಬ ವಿಷಯದಲ್ಲಿ ಅರಮನೆಯ ಇಂಗಿತವನ್ನು ಮೀರುವಂತಿರಲಿಲ್ಲ. ಟಂಕಸಾಲೆಗೆ ಬೇಕಾದ ಲೋಹದ ಮೇಲ್ವಿಚಾರಣೆಯು ಚಕ್ರವರ್ತಿಯ ಲೆಕ್ಕಪತ್ರಗಳ ಮುಖ್ಯಾಧಿಕಾರಿಯ ಕರ್ತವ್ಯಗಳಲ್ಲಿ ಒಂದಾಗಿತ್ತು ಎಂಬುದು ಈ ಪತ್ರಿಕೆಯ ಓದುಗರಿಗೆ ಕುತೂಹಲದ ಸಂಗತಿಯಾದೀತು.

ಸಂಕೇತಗಳ ಭಾಷೆ

ಓದು ಬಾರದವರೂ ಓದಬಲ್ಲ ಭಾಷೆಯೊಂದನ್ನು ಈ ನಾಣ್ಯಗಳು ಬಳಸಿದವು. ಸಮೃದ್ಧಿಯ ಕೊಂಬು ಎಂದೂ ಬರಿದಾಗದ ಕಣಜವನ್ನು ಸೂಚಿಸಿದರೆ, ಗೋಧಿಯ ತೆನೆ ಮತ್ತು ಪಂಜು ಧಾನ್ಯದೇವತೆ ಸೀರಿಸ್‌ಳನ್ನು ಸೂಚಿಸುತ್ತಿದ್ದವು. ಕೈಯಲ್ಲಿ ಸೇಬು ಹಿಡಿದ ವೀನಸ್ ವಂಶದ ಮೂಲಮಾತೆ. ಇಕ್ಕೆಲಗಳಲ್ಲಿ ಸಿಂಹಗಳಿರುವ ಸಿಂಹಾಸನದಲ್ಲಿ ಕುಳಿತವಳು ಮಹಾಮಾತೆ ಸಿಬೆಲೆ. ತೊಡೆಯ ಮೇಲೆ, ತೋಳಿನಲ್ಲಿ, ಕಾಲಬಳಿ ಮಕ್ಕಳಿರುವ ಸ್ತ್ರೀ 'ಫೆಕುಂಡಿಟಾಸ್'. ಸಂತಾನಶಕ್ತಿ, ಫಲವತ್ತತೆ ಎಂಬ ಅಮೂರ್ತ ಗುಣಕ್ಕೆ ರೋಮನ್ನರು ಕೊಟ್ಟ ಮೂರ್ತರೂಪ ಅವಳು.

ಹೊಲದ ಬೆಳೆಯನ್ನೂ ಹೆಣ್ಣಿನ ಮಡಿಲನ್ನೂ ಒಂದೇ ಹರಕೆಯಲ್ಲಿ ಕಾಣುವುದು ನಮ್ಮವರಿಗೆ ಹೊಸದಲ್ಲ. ಅಕ್ಕಿ, ತೆಂಗಿನಕಾಯಿಗಳಿಂದ ಮಡಿಲು ತುಂಬುವ ನಾಡಿನವರಿಗೆ ತೆನೆಯ ಕಿರೀಟ ತೊಟ್ಟ ರಾಣಿಯ ಅರ್ಥ ಸಹಜವಾಗಿಯೇ ಹೊಳೆಯುತ್ತದೆ. ಆ ಸಮೃದ್ಧಿಯ ಕೊಂಬು ಭಾರತದ ನಾಣ್ಯಗಳಲ್ಲಿಯೂ ಕಾಣಿಸಿಕೊಂಡಿದೆ. ಕುಷಾಣರ ನಾಣ್ಯಗಳ ಅರ್ದೋಕ್ಷೋ ದೇವಿಯ ಕೈಯಲ್ಲಿದ್ದ ಕೊಂಬು ಗುಪ್ತರ ಆರಂಭದ ಚಿನ್ನದ ನಾಣ್ಯಗಳ ದೇವಿಗೆ ಬಂದು, ಕ್ರಮೇಣ ಲಕ್ಷ್ಮಿಯ ಕಮಲಕ್ಕೆ ಎಡೆಮಾಡಿಕೊಟ್ಟಿತು.

ಆದರೆ ರೋಮ್‌ನಲ್ಲಿ ಈ ಸಂಕೇತಗಳಿಗೆ ಭಕ್ತಿಯ ಜೊತೆಗೆ ಒಂದು ರಾಜಕೀಯ ಅಗತ್ಯವೂ ಇತ್ತು. ರೋಮನ್ ಚಕ್ರವರ್ತಿತ್ವಕ್ಕೆ ಉತ್ತರಾಧಿಕಾರದ ಲಿಖಿತ ನಿಯಮವೇ ಇರಲಿಲ್ಲ. ಚಕ್ರವರ್ತಿ ಸತ್ತಾಗ ನಿರ್ವಿವಾದ ವಾರಸುದಾರನಿಲ್ಲದಿದ್ದರೆ ಅಂತರ್ಯುದ್ಧದ ಅಪಾಯವಿತ್ತು. ಲೆಕ್ಕಪರಿಶೋಧಕರು ಸಂಸ್ಥೆಯೊಂದನ್ನು ಪರಿಶೀಲಿಸುವಾಗ ಅದು ಮುಂದೆಯೂ ನಡೆದುಕೊಂಡು ಹೋಗಬಲ್ಲದೇ ಎಂಬ 'ಗೋಯಿಂಗ್ ಕನ್ಸರ್ನ್' ಪ್ರಶ್ನೆಯನ್ನು ಕೇಳುತ್ತಾರೆ. ರೋಮ್‌ನ ಪ್ರಜೆಗಳ ಮನಸ್ಸಿನಲ್ಲಿದ್ದದ್ದೂ ಅದೇ ಪ್ರಶ್ನೆ. ಸಾಮ್ರಾಜ್ಞಿಯ ಕೈಯಲ್ಲಿದ್ದ ಕೂಸು ಆಡಳಿತ ಕೊಟ್ಟ ಉತ್ತರ.

ಲಿವಿಯಾ: ಇಬ್ಬರು ಮಕ್ಕಳು, ಮೂವರ ಹಕ್ಕು

ಅಗಸ್ಟಸ್‌ನು ಸಂತಾನವನ್ನು ಕಾನೂನಿನ ವಿಷಯವನ್ನಾಗಿ ಮಾಡಿದನು. ಕ್ರಿ.ಪೂ. 18 ಮತ್ತು ಕ್ರಿ.ಶ. 9ರ ಶಾಸನಗಳ ಪ್ರಕಾರ ಅವಿವಾಹಿತರಿಗೆ ಹತ್ತಿರದ ಬಂಧುಗಳನ್ನು ಬಿಟ್ಟು ಇತರರ ಉಯಿಲಿನಿಂದ ಆಸ್ತಿ ಪಡೆಯುವ ಹಕ್ಕು ಇರಲಿಲ್ಲ. ಮದುವೆಯಾಗಿಯೂ ಮಕ್ಕಳಿಲ್ಲದವರಿಗೆ ಅಂಥ ಆಸ್ತಿಯ ಅರ್ಧಭಾಗ ಮಾತ್ರ. ಮೂರು ಮಕ್ಕಳನ್ನು ಹೆತ್ತ ಸ್ವತಂತ್ರ ಕುಲದ ಸ್ತ್ರೀಗೆ ಪೋಷಕ ಪುರುಷನ ಅನುಮತಿಯಿಲ್ಲದೆ ವ್ಯವಹಾರ ನಡೆಸುವ ಸ್ವಾತಂತ್ರ್ಯ ದೊರೆಯುತ್ತಿತ್ತು. ಇಂದಿನ ಮಾತಿನಲ್ಲಿ ಹೇಳುವುದಾದರೆ ಇದು ಸಂತಾನಕ್ಕೆ ಕೊಟ್ಟ ವಿನಾಯಿತಿ, ಸಂತಾನಹೀನತೆಗೆ ಹಾಕಿದ ದಂಡ. ಕ್ರಿ.ಶ. 9ರ ಶಾಸನಕ್ಕೆ ಹೆಸರು ಕೊಟ್ಟ ಇಬ್ಬರು ಕಾನ್ಸಲ್‌ಗಳೂ ಅವಿವಾಹಿತರಾಗಿದ್ದರೆಂದು ಇತಿಹಾಸಕಾರ ಕ್ಯಾಸಿಯಸ್ ಡಿಯೋ ದಾಖಲಿಸಿದ್ದಾನೆ.

ಅಗಸ್ಟಸ್‌ನ ಪತ್ನಿ ಲಿವಿಯಾಗೆ ಮೊದಲ ಗಂಡನಿಂದ ಇಬ್ಬರು ಗಂಡುಮಕ್ಕಳಿದ್ದರು. ಅಗಸ್ಟಸ್‌ನಿಂದ ಬದುಕುಳಿದ ಮಕ್ಕಳಾಗಲಿಲ್ಲ. ಕಿರಿಯ ಮಗ ಡ್ರೂಸಸ್ ಕ್ರಿ.ಪೂ. 9ರಲ್ಲಿ ತೀರಿಕೊಂಡಾಗ ಸೆನೆಟ್ಟು ಅವಳನ್ನು ಮೂರು ಮಕ್ಕಳ ತಾಯಂದಿರ ಪಟ್ಟಿಗೆ ಸೇರಿಸಿ ಗೌರವಿಸಿತು. ಮಗನನ್ನು ಕಳೆದುಕೊಂಡ ವರ್ಷದಲ್ಲಿಯೇ ಅವಳ ಖಾತೆಗೆ ಇಲ್ಲದ ಮಗುವೊಂದು ಜಮೆಯಾಯಿತು.

ಕ್ರಿ.ಶ. 22-23ರಲ್ಲಿ ಅವಳ ಹಿರಿಯ ಮಗ ಟೈಬೀರಿಯಸ್ ಚಕ್ರವರ್ತಿಯ ಆಳ್ವಿಕೆಯಲ್ಲಿ ಹೊರಬಂದ ಕಂಚಿನ ನಾಣ್ಯಮಾಲೆ ಈ ಪರಂಪರೆಯ ನಿಜವಾದ ಆರಂಭ. ಒಂದು ಸೆಸ್ಟರ್ಶಿಯಸ್‌ನಲ್ಲಿ ಹೇಸರಗತ್ತೆಗಳು ಎಳೆಯುವ ಗೌರವರಥವೂ ಲಿವಿಯಾಳ ಹೆಸರೂ ಇವೆ. ಡುಪೊಂಡಿಯಸ್‌ಗಳಲ್ಲಿ ಆರೋಗ್ಯ, ನ್ಯಾಯ, ಭಕ್ತಿ ಎಂಬ ಗುಣಗಳ ಸ್ತ್ರೀಮುಖಗಳಿವೆ. ಇದೇ ಮಾಲೆಯ ಇನ್ನೊಂದು ಸೆಸ್ಟರ್ಶಿಯಸ್ ಹೆಚ್ಚು ಪ್ರಸಿದ್ಧ. ಅದರಲ್ಲಿ ಒಂದನ್ನೊಂದು ಅಡ್ಡಹಾಯುವ ಎರಡು ಸಮೃದ್ಧಿಯ ಕೊಂಬುಗಳಿವೆ. ಪ್ರತಿ ಕೊಂಬಿನ ಬಾಯಿಯಿಂದ ಹಣ್ಣುಗಳ ನಡುವೆ ಒಂದೊಂದು ಪುಟ್ಟ ಬಾಲಕನ ತಲೆ ಇಣುಕುತ್ತಿದೆ. ಕ್ರಿ.ಶ. 19ರಲ್ಲಿ ಟೈಬೀರಿಯಸ್‌ನ ಮಗ ಕಿರಿಯ ಡ್ರೂಸಸ್‌ನಿಗೆ ಹುಟ್ಟಿದ ಅವಳಿ ಗಂಡುಮಕ್ಕಳನ್ನು ಈ ನಾಣ್ಯ ಕೊಂಡಾಡುತ್ತದೆ.

ಆ ನಾಣ್ಯದ ಹೊಳಪು ಮಾಸುವ ಮೊದಲೇ, ಕ್ರಿ.ಶ. 23ರಲ್ಲಿ, ಮಕ್ಕಳ ತಂದೆಯೂ ಅವಳಿಗಳಲ್ಲಿ ಒಬ್ಬನೂ ತೀರಿಕೊಂಡರು. ಉಳಿದ ಬಾಲಕ ಟೈಬೀರಿಯಸ್ ಜೆಮೆಲಸ್‌ನನ್ನು ಕೆಲವು ವರ್ಷಗಳ ನಂತರ ಹೊಸ ಚಕ್ರವರ್ತಿ ಕ್ಯಾಲಿಗುಲಾ ಇಲ್ಲವಾಗಿಸಿದನು. ಇದೇ ಕ್ಯಾಲಿಗುಲಾ ತನ್ನ ಮೂವರು ಸೋದರಿಯರನ್ನು ಸಮೃದ್ಧಿಯ ಕೊಂಬು ಹಿಡಿದ ದೇವತೆಯರಂತೆ ನಿಲ್ಲಿಸಿ, ಹೆಸರು ಸಹಿತ ಸೆಸ್ಟರ್ಶಿಯಸ್ ಹೊರಡಿಸಿದನು. ಕ್ರಿ.ಶ. 38ರಲ್ಲಿ ಅವರಲ್ಲಿ ಒಬ್ಬಳು ತೀರಿಕೊಂಡಳು. ಮರುವರ್ಷ ಇನ್ನಿಬ್ಬರನ್ನು ಅಣ್ಣನೇ ಗಡೀಪಾರು ಮಾಡಿದನು.

ದಕ್ಷಿಣ ಭಾರತಕ್ಕೆ ಬಂದ ಭರವಸೆಗಳು

ಈ ಕಾಲಘಟ್ಟದ ನಾಣ್ಯಗಳು ವ್ಯಾಪಾರದ ದಾರಿಯಲ್ಲಿ ನಮ್ಮ ನಾಡಿಗೂ ಬಂದಿವೆ. ಬೆಂಗಳೂರಿನ ಯಶವಂತಪುರದಲ್ಲಿ 1891ರಲ್ಲಿ ರೋಮನ್ ಬೆಳ್ಳಿ ನಾಣ್ಯಗಳ ನಿಧಿ ದೊರೆಯಿತು. ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿ ಅಗಸ್ಟಸ್ ಮತ್ತು ಟೈಬೀರಿಯಸ್‌ರ ಡಿನೇರಿಯಸ್‌ಗಳು ಸಿಕ್ಕಿವೆ. ಅಂದು ದೂರದ ವ್ಯಾಪಾರಕ್ಕೆ ಬರುತ್ತಿದ್ದದ್ದು ಚಿನ್ನ ಮತ್ತು ಬೆಳ್ಳಿ. ಕಂಚು ತವರಿನಲ್ಲೇ ಉಳಿಯುತ್ತಿತ್ತು. ರೋಮನ್ ಕಂಚಿನ ಸಣ್ಣ ನಾಣ್ಯಗಳು ತಮಿಳುನಾಡಿನಲ್ಲಿ ಮತ್ತು ಶ್ರೀಲಂಕಾದಲ್ಲಿ ವಿಪುಲವಾಗಿ ದೊರೆಯುವುದು ನಾಲ್ಕನೆಯ ಶತಮಾನದ ನಂತರದ ಪದರಗಳಲ್ಲಿ.

ದಕ್ಷಿಣ ಭಾರತದ ನಿಧಿಗಳಲ್ಲಿ ಎರಡು ಬಗೆಯ ಡಿನೇರಿಯಸ್‌ಗಳು ಅತ್ಯಂತ ಹೆಚ್ಚಾಗಿ ಸಿಗುತ್ತವೆ. ಮೊದಲನೆಯದು ಕ್ರಿ.ಪೂ. 2ರಿಂದ ಅಚ್ಚಾದದ್ದು, ಅದರಲ್ಲಿ ಅಗಸ್ಟಸ್‌ನ ದತ್ತುಪುತ್ರರೂ ಮಗಳ ಮಕ್ಕಳೂ ಆದ ಗೇಯಸ್ ಮತ್ತು ಲೂಸಿಯಸ್ ಗುರಾಣಿಗಳೊಡನೆ ನಿಂತಿದ್ದಾರೆ. ಎರಡನೆಯದು ಟೈಬೀರಿಯಸ್‌ನದು, ಅದರಲ್ಲಿ ರಾಜದಂಡ ಮತ್ತು ರೆಂಬೆ ಹಿಡಿದು ಕುಳಿತ ಸ್ತ್ರೀಯಿದ್ದಾಳೆ. ಶಾಂತಿದೇವತೆಯ ರೂಪದಲ್ಲಿರುವ ಲಿವಿಯಾಳೇ ಅವಳು ಎಂಬುದು ಹಲವು ವಿದ್ವಾಂಸರ ಅಭಿಪ್ರಾಯ. ಮೊದಲ ನಾಣ್ಯದ ಇಬ್ಬರು ಉತ್ತರಾಧಿಕಾರಿಗಳಲ್ಲಿ ಲೂಸಿಯಸ್ ಕ್ರಿ.ಶ. 2ರಲ್ಲಿಯೂ ಗೇಯಸ್ ಕ್ರಿ.ಶ. 4ರಲ್ಲಿಯೂ ತೀರಿಕೊಂಡರು. ಅವರನ್ನು ಹೆತ್ತ ಜೂಲಿಯಾ ಕ್ರಿ.ಪೂ. 2ರಲ್ಲಿಯೇ ತಂದೆಯ ಆಜ್ಞೆಯಿಂದ ದ್ವೀಪವೊಂದಕ್ಕೆ ಗಡೀಪಾರಾಗಿದ್ದಳು. ನಾಣ್ಯದಲ್ಲಿ ಅವಳ ಸುಳಿವಿಲ್ಲ. ಮೆಣಸು, ಮುತ್ತು, ಬಟ್ಟೆಗಳನ್ನು ಮಾರಿದ ಭಾರತೀಯ ವರ್ತಕನು ಅಂಥ ನಾಣ್ಯವನ್ನು ಅದರ ಬೆಳ್ಳಿಯ ತೂಕಕ್ಕೆ ಒಪ್ಪಿಕೊಂಡನು. ಚಿತ್ರದ ವಾಗ್ದಾನ ಬಿದ್ದುಹೋದರೂ ಲೋಹದ ಬೆಲೆ ಉಳಿದಿತ್ತು.

ಈ ವ್ಯಾಪಾರದಿಂದ ಭಾರತವು ವರ್ಷಕ್ಕೆ 5 ಕೋಟಿ ಸೆಸ್ಟರ್ಶಿಯಸ್‌ಗಳನ್ನು ಸೆಳೆಯುತ್ತಿದೆ ಎಂದು ಮೊದಲನೆಯ ಶತಮಾನದ ಲೇಖಕ ಹಿರಿಯ ಪ್ಲಿನಿ ದೂರಿದ್ದಾನೆ. ಲೆಕ್ಕ ಸೆಸ್ಟರ್ಶಿಯಸ್‌ಗಳಲ್ಲಿ, ಪಾವತಿ ಚಿನ್ನ-ಬೆಳ್ಳಿಗಳಲ್ಲಿ. ಭಾರತ, ಚೀನಾ, ಅರೇಬಿಯಾಗಳನ್ನು ಕೂಡಿಸಿ 10 ಕೋಟಿ ಎಂದು ಇನ್ನೊಂದೆಡೆ ಹೇಳುವಾಗ ಅವನು ಈ ನಷ್ಟದ ಹೊಣೆಯನ್ನು ಭೋಗಲಾಲಸೆಯ ಮೇಲೂ ಸ್ತ್ರೀಯರ ಮೇಲೂ ಹೊರಿಸುತ್ತಾನೆ. ನಾಣ್ಯದ ಮೇಲೆ ಸಮೃದ್ಧಿಯ ದೇವತೆಯಾಗಿದ್ದವಳೇ ವಿದೇಶಿ ವ್ಯಾಪಾರದ ಕೊರತೆಯ ಲೆಕ್ಕದಲ್ಲಿ ಆರೋಪಿಯಾಗಿದ್ದಳು.

ವೆಲೆಯಾದ ಕಂಚಿನ ಫಲಕ

ಸಂತಾನದ ಬಗ್ಗೆ ರೋಮ್ ಆಡಳಿತ ತೋರಿದ ಕಾಳಜಿಯೆಲ್ಲ ಕೇವಲ ಚಿತ್ರವಾಗಿರಲಿಲ್ಲ. ಟ್ರಾಜನ್ ಚಕ್ರವರ್ತಿ (ಕ್ರಿ.ಶ. 98-117) ಇಟಲಿಯ ಮಕ್ಕಳ ಪೋಷಣೆಗಾಗಿ 'ಆಲಿಮೆಂಟಾ' ಎಂಬ ಯೋಜನೆಯನ್ನು ವಿಸ್ತರಿಸಿದನು. ಅದನ್ನು ಸಾರುವ ಸೆಸ್ಟರ್ಶಿಯಸ್‌ಗಳಲ್ಲಿ ತೆನೆ ಮತ್ತು ಸಮೃದ್ಧಿಯ ಕೊಂಬು ಹಿಡಿದ ದೇವತೆಯ ಪಕ್ಕದಲ್ಲಿ ಪುಟ್ಟ ಮಗು ನಿಂತಿದೆ. ಈ ಚಿತ್ರದ ಹಿಂದಿನ ಲೆಕ್ಕಪತ್ರವೂ ನಮಗೆ ದೊರೆತಿರುವುದು ಅಪರೂಪದ ಭಾಗ್ಯ. ಉತ್ತರ ಇಟಲಿಯ ವೆಲೆಯಾ ಎಂಬ ಸಣ್ಣ ಪಟ್ಟಣದ ನಿವೇಶನದಲ್ಲಿ 1747ರಲ್ಲಿ ದೊರೆತ ದೊಡ್ಡ ಕಂಚಿನ ಫಲಕ ಇಂದು ಪಾರ್ಮಾ ನಗರದ ವಸ್ತುಸಂಗ್ರಹಾಲಯದಲ್ಲಿದೆ.

ಯೋಜನೆಯ ರೀತಿ ಇಂದಿನ ದತ್ತಿನಿಧಿಯನ್ನು ಹೋಲುತ್ತದೆ. ಚಕ್ರವರ್ತಿಯ ಖಜಾನೆಯಿಂದ ಸ್ಥಳೀಯ ಭೂಮಾಲೀಕರಿಗೆ ಅವರ ಜಮೀನಿನ ಆಧಾರದ ಮೇಲೆ ಸಾಲ. ಅವರು ಶೇಕಡಾ 5ರಂತೆ ಕೊಡುವ ಬಡ್ಡಿಯಿಂದ ಊರಿನ ಮಕ್ಕಳಿಗೆ ಮಾಸಾಶನ. ಫಲಕದ ಪ್ರಕಾರ ಸಾಲದ ಒಟ್ಟು ಮೊತ್ತ 10,44,000 ಸೆಸ್ಟರ್ಶಿಯಸ್. ವಾರ್ಷಿಕ ಬಡ್ಡಿ 52,200. ಫಲಾನುಭವಿಗಳ ವಿವರ ಹೀಗಿದೆ: ವಿವಾಹಜನ್ಯ ಗಂಡುಮಕ್ಕಳು 245, ತಿಂಗಳಿಗೆ ತಲಾ 16 ಸೆಸ್ಟರ್ಶಿಯಸ್‌ನಂತೆ ವರ್ಷಕ್ಕೆ 47,040, ವಿವಾಹಜನ್ಯ ಹೆಣ್ಣುಮಕ್ಕಳು 34, ತಲಾ 12ರಂತೆ 4,896, ವಿವಾಹಬಾಹಿರವಾಗಿ ಜನಿಸಿದ ಒಬ್ಬ ಬಾಲಕನಿಗೆ ತಿಂಗಳಿಗೆ 12ರಂತೆ 144, ಅಂಥದೇ ಒಬ್ಬ ಬಾಲಕಿಗೆ 10ರಂತೆ 120. ಎಲ್ಲವನ್ನೂ ಕೂಡಿಸಿದರೆ 52,200. ಆದಾಯಕ್ಕೂ ವೆಚ್ಚಕ್ಕೂ ಒಂದು ಕಾಸಿನ ವ್ಯತ್ಯಾಸವಿಲ್ಲ. ಸುಮಾರು 1,900 ವರ್ಷಗಳ ನಂತರವೂ ತಾಳೆಯಾಗುವ ಈ ಲೆಕ್ಕವನ್ನು ಕಂಡು ಯಾವ ಲೆಕ್ಕಪರಿಶೋಧಕನಿಗಾದರೂ ಗೌರವ ಮೂಡದಿರದು.

ಆದರೆ ಅಂಕಿಗಳು ಇನ್ನೊಂದು ಸತ್ಯವನ್ನೂ ಹೇಳುತ್ತವೆ. 281 ಮಕ್ಕಳಲ್ಲಿ ಹೆಣ್ಣುಮಕ್ಕಳು 35 ಮಾತ್ರ, ಅಂದರೆ ಎಂಟರಲ್ಲಿ ಒಂದು ಪಾಲು. ಅವರಿಗೆ ಸಲ್ಲುತ್ತಿದ್ದ ದರವೂ ಕಡಿಮೆ. ಸ್ತ್ರೀರೂಪದ ಸಮೃದ್ಧಿಯನ್ನು ನಾಣ್ಯದ ಮೇಲೆ ಪೂಜಿಸಿದ ವ್ಯವಸ್ಥೆ, ಮಾಸಾಶನದ ಪಟ್ಟಿಯಲ್ಲಿ ಹೆಣ್ಣುಮಗುವಿಗೆ ಗಂಡುಮಗುವಿನ ಮುಕ್ಕಾಲು ಬೆಲೆ ಕಟ್ಟಿತು. ಈ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬುವ ಪ್ರಯತ್ನ ಮುಂದಿನ ತಲೆಮಾರುಗಳಲ್ಲಿ ನಡೆಯಿತು. ಕ್ರಿ.ಶ. 140ರಲ್ಲಿ ಪತ್ನಿ ಹಿರಿಯ ಫೌಸ್ಟಿನಾ ತೀರಿಕೊಂಡಾಗ ಆಂಟೊನೈನಸ್ ಪಯಸ್ ಚಕ್ರವರ್ತಿಯು ನಿರ್ಗತಿಕ ಬಾಲಕಿಯರಿಗಾಗಿ ಅವಳ ಹೆಸರಿನಲ್ಲಿ ದತ್ತಿ ಸ್ಥಾಪಿಸಿದನು. 'ಫೌಸ್ಟಿನಾಳ ಬಾಲಕಿಯರು' ಎಂಬ ಬರಹವುಳ್ಳ ಚಿನ್ನ ಮತ್ತು ಬೆಳ್ಳಿಯ ನಾಣ್ಯಗಳು ಇದಕ್ಕೆ ಸಾಕ್ಷಿ.

ಕಿರಿಯ ಫೌಸ್ಟಿನಾಳ ಮೂವತ್ತು ವರ್ಷಗಳು

ಈ ದಂಪತಿಗಳ ಮಗಳೇ ಕಿರಿಯ ಫೌಸ್ಟಿನಾ. ಸಂತಾನದ ಸಂಕೇತಗಳು ಅತ್ಯಂತ ಹೇರಳವಾಗಿ ಕಾಣುವುದು ಅವಳ ನಾಣ್ಯಗಳಲ್ಲಿ. ಇದಕ್ಕೆ ಬಲವಾದ ಕಾರಣವಿತ್ತು. ಕ್ರಿ.ಶ. 79ರಲ್ಲಿ ವೆಸ್ಪೇಷಿಯನ್‌ನ ನಂತರ ಅವನ ಮಗ ಟೈಟಸ್ ಪಟ್ಟಕ್ಕೆ ಬಂದ ಮೇಲೆ ಒಂದು ಶತಮಾನ ಕಾಲ ಯಾವ ಚಕ್ರವರ್ತಿಯ ಸ್ವಂತ ಮಗನೂ ತಂದೆಯ ಪೀಠವೇರಿರಲಿಲ್ಲ. ನರ್ವಾನಿಂದ ಆಂಟೊನೈನಸ್‌ವರೆಗೆ ಅಧಿಕಾರ ಸಾಗಿದ್ದು ದತ್ತು ಸ್ವೀಕಾರದ ಮೂಲಕ. ಹೇಡ್ರಿಯನ್‌ನ ಮಕ್ಕಳಿಲ್ಲದ ಪತ್ನಿ ಸಬೀನಾಳ ಕಂಚಿನ ನಾಣ್ಯಗಳು ಸೀರಿಸ್, ವೆಸ್ಟಾ, ಸಾಮರಸ್ಯ ಮೊದಲಾದ ದೇವತೆಗಳನ್ನು ಆಶ್ರಯಿಸಿದ್ದವು.

ಕ್ರಿ.ಶ. 145ರಲ್ಲಿ ಫೌಸ್ಟಿನಾ ಮಾರ್ಕಸ್ ಅರೇಲಿಯಸ್‌ನನ್ನು ವಿವಾಹವಾದಳು. 147ರ ನವೆಂಬರ್ 30ರಂದು ಮೊದಲ ಮಗಳು ಹುಟ್ಟಿದಳು. ಮರುದಿನವೇ ತಾಯಿಗೆ 'ಅಗಸ್ಟಾ' ಬಿರುದು ಬಂತು. ಗಂಡನಿಗೆ ಇನ್ನೂ 'ಅಗಸ್ಟಸ್' ಪದವಿ ಬಂದಿರಲಿಲ್ಲ. ಬಿರುದಿಗೂ ಹೆರಿಗೆಗೂ ಇದ್ದ ನಂಟನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವುದು ಕಷ್ಟ. ಮುಂದೆ ಅವಳ ನಾಣ್ಯಗಳಲ್ಲಿ ಜೂನೋ ಲುಸೀನಾ, ವೀನಸ್, 'ಫೆಕುಂಡಿಟಾಸ್ ಅಗಸ್ಟೆ' ಎಂಬ ಸಾಮ್ರಾಜ್ಞಿಯ ಸಂತಾನಶಕ್ತಿ ಒಂದಾದ ಮೇಲೊಂದರಂತೆ ಬರುತ್ತವೆ. ಮುಂಬದಿಯ ಮುಖಚಿತ್ರದಲ್ಲಿ ಅವಳ ಕೇಶವಿನ್ಯಾಸ ಕಾಲಕಾಲಕ್ಕೆ ಬದಲಾಗುತ್ತದೆ. ಜರ್ಮನ್ ವಿದ್ವಾಂಸ ಕ್ಲಾಸ್ ಫಿಟ್‌ಶೆನ್ 1982ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ಹೊಸ ಮುಖಚಿತ್ರಗಳನ್ನು ಅವಳ ಹೆರಿಗೆಗಳೊಂದಿಗೆ ಜೋಡಿಸಿ ತೋರಿಸಿದ್ದಾರೆ.

ಕ್ರಿ.ಶ. 161 ಈ ಕಥೆಯ ಶಿಖರ. ಆ ವರ್ಷ ಮಾರ್ಚ್‌ನಲ್ಲಿ ಮಾರ್ಕಸ್ ಚಕ್ರವರ್ತಿಯಾದನು. ಆಗಸ್ಟ್ 31ರಂದು ಅವಳಿ ಗಂಡುಮಕ್ಕಳು ಹುಟ್ಟಿದರು. ಆಗ ಹೊರಬಂದ ಸೆಸ್ಟರ್ಶಿಯಸ್‌ವೊಂದರಲ್ಲಿ ನಿಂತಿರುವ ಸ್ತ್ರೀಯ ತೋಳುಗಳಲ್ಲಿ ಎರಡು ಕೂಸುಗಳಿವೆ, ಇಕ್ಕೆಲಗಳಲ್ಲಿ ನಾಲ್ವರು ಮಕ್ಕಳಿದ್ದಾರೆ. ಸುತ್ತಲೂ 'ಕಾಲದ ಸೌಭಾಗ್ಯ' ಎಂಬರ್ಥದ ಬರಹವಿದೆ. ಆಗ ಬದುಕಿದ್ದ ನಾಲ್ವರು ಹೆಣ್ಣುಮಕ್ಕಳು ಮತ್ತು ಹೊಸ ಅವಳಿಗಳ ಸಂಖ್ಯೆಗೆ ಇದು ಸರಿಹೊಂದುತ್ತದೆ. ಇನ್ನೊಂದು ನಾಣ್ಯದಲ್ಲಿ ಅಲಂಕೃತ ಪೀಠದ ಮೇಲೆ ಎರಡು ಶಿಶುಗಳು ಮಾತ್ರ ಕುಳಿತಿವೆ. 'ಯುಗದ ಸೌಭಾಗ್ಯ' ಎಂಬುದು ಅಲ್ಲಿನ ಮಾತು.

ಈ ನಾಣ್ಯಗಳು ಬದುಕಿದ್ದವರನ್ನು ಮಾತ್ರ ಲೆಕ್ಕಕ್ಕೆ ಹಿಡಿದಿದ್ದವು. ಮೂವತ್ತು ವರ್ಷಗಳ ದಾಂಪತ್ಯದಲ್ಲಿ ಫೌಸ್ಟಿನಾ ಹೆತ್ತ ಮಕ್ಕಳು ಹದಿಮೂರಕ್ಕೆ ಕಡಿಮೆಯಿಲ್ಲ. 147ರಲ್ಲಿ ಹುಟ್ಟಿದ ಚೊಚ್ಚಲ ಮಗಳು ಬಾಲ್ಯದಲ್ಲೇ ತೀರಿಕೊಂಡಿದ್ದಳು. ಪೀಠದ ಮೇಲೆ ಕುಳಿತ ಅವಳಿಗಳಲ್ಲಿ ಒಬ್ಬನು 165ರಲ್ಲಿ, ಅವರ ನಂತರ ಹುಟ್ಟಿದ ಆನಿಯಸ್ ವೇರಸ್ 169ರಲ್ಲಿ ಇಲ್ಲವಾದರು. ಗ್ರಂಥಕರ್ತನೂ ಆಗಿದ್ದ ಮಾರ್ಕಸ್‌ನ ಖಾಸಗಿ ಟಿಪ್ಪಣಿಗಳಲ್ಲಿ ಮಗುವನ್ನು ಕಳೆದುಕೊಳ್ಳುವ ತಂದೆಯ ಭಯದ ಉಲ್ಲೇಖ ಬರುತ್ತದೆ. 180ರಲ್ಲಿ ಅವನು ಸಾಯುವಾಗ ಉಳಿದಿದ್ದವರು ಐವರು ಪುತ್ರಿಯರು ಮತ್ತು ಒಬ್ಬನೇ ಮಗ. ಆ ಮಗನೇ ಕೊಮೊಡಸ್.

ಫೌಸ್ಟಿನಾ ಗಂಡನೊಡನೆ ದಂಡಯಾತ್ರೆಯ ಶಿಬಿರಗಳಲ್ಲಿ ತಿರುಗಿ 'ಶಿಬಿರಗಳ ಮಾತೆ' ಎಂಬ ಬಿರುದನ್ನೂ ಪಡೆದಳು. 175ರ ಸುಮಾರಿಗೆ ಏಷ್ಯಾ ಮೈನರಿನ ಹಳಾಲಾ ಎಂಬ ಊರಿನಲ್ಲಿ ಅವಳು ತೀರಿಕೊಂಡಳು. ರೋಮ್ ನಗರದ ವೀನಸ್ ಆಲಯದಲ್ಲಿ ದಂಪತಿಗಳ ಬೆಳ್ಳಿಯ ಪ್ರತಿಮೆಗಳನ್ನಿರಿಸಿ, ನಗರದ ನವವಧೂವರರು ಅಲ್ಲಿ ಪೂಜೆ ಸಲ್ಲಿಸಬೇಕೆಂದು ಸೆನೆಟ್ಟು ನಿರ್ಣಯಿಸಿತು. ಅವಳ ಮಗಳು ಲುಸಿಲ್ಲಾಳ ನಾಣ್ಯಗಳಿಗೂ ಫೆಕುಂಡಿಟಾಸ್ ಬಂದಳು. ತಾಯಿಯ ನಾಣ್ಯದಲ್ಲಿ ಮಕ್ಕಳಾಗಿ ಕಾಣಿಸಿಕೊಂಡಿದ್ದ ಅದೇ ಲುಸಿಲ್ಲಾ, ತಮ್ಮ ಕೊಮೊಡಸ್‌ನ ವಿರುದ್ಧ 182ರ ಸುಮಾರಿಗೆ ಸಂಚು ನಡೆಸಿ ಸಿಕ್ಕಿಬಿದ್ದು, ಅವನ ಆಜ್ಞೆಯಿಂದ ಗಡೀಪಾರಾಗಿ ಕೊಲೆಯಾದಳು. ಕೊಮೊಡಸ್‌ನ ಪತ್ನಿ ಕ್ರಿಸ್ಪೀನಾಳಿಗಾಗಿ 'ಜನನದ ದೇವತೆಗಳಿಗೆ' ಎಂಬ ಹರಕೆಯ ಬೆಳ್ಳಿ ನಾಣ್ಯವೇ ಹೊರಟಿತ್ತು. ಅವಳಿಗೆ ಮಕ್ಕಳಾದ ದಾಖಲೆಯಿಲ್ಲ. ಅವಳ ಗತಿಯೂ ಗಡೀಪಾರು ಮತ್ತು ಸಾವು. 192ರ ಕೊನೆಯ ದಿನ ಕೊಮೊಡಸ್‌ನ ಕೊಲೆಯಾಯಿತು. ಯಾವ ಅಂತರ್ಯುದ್ಧವನ್ನು ತಪ್ಪಿಸಲೆಂದು ಅಷ್ಟೊಂದು ಫೆಕುಂಡಿಟಾಸ್ ನಾಣ್ಯಗಳು ಅಚ್ಚಾಗಿದ್ದವೋ ಅದು ಮರುವರ್ಷವೇ ಆರಂಭವಾಯಿತು.

ಲೋಹ ಕುಗ್ಗಿದಾಗ

ಮೂರನೆಯ ಶತಮಾನದ ನಡುವಿನ ಐವತ್ತು ವರ್ಷಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಚಕ್ರವರ್ತಿಗಳು ಬಂದು ಹೋದರು. ಪೀಠ ಅಲುಗಾಡಿದರೂ ಸಂತಾನದ ಘೋಷಣೆ ನಿಲ್ಲಲಿಲ್ಲ. ಡೀಸಿಯಸ್‌ನ ಪತ್ನಿ ಎಟ್ರುಸ್ಕಿಲ್ಲಾಳ ನಾಣ್ಯಗಳಲ್ಲಿ ಫೆಕುಂಡಿಟಾಸ್ ಇದ್ದಾಳೆ. 251ರ ಒಂದೇ ವರ್ಷದಲ್ಲಿ ಅವಳ ಗಂಡ ಮತ್ತು ಇಬ್ಬರು ಗಂಡುಮಕ್ಕಳು ಮೃತರಾದರು. ಗ್ಯಾಲಿಯೆನಸ್‌ನ ಪತ್ನಿ ಸಲೋನಿನಾಳ ನಾಣ್ಯಗಳಲ್ಲಿಯೂ ಅದೇ ದೇವತೆ. ಅವಳ ಒಬ್ಬ ಮಗ 258ರಲ್ಲಿ, ಇನ್ನೊಬ್ಬ 260ರಲ್ಲಿ ಸತ್ತರು. ಆ ವೇಳೆಗೆ ಹಳೆಯ ಭಾರವಾದ ಸೆಸ್ಟರ್ಶಿಯಸ್ ಚಲಾವಣೆಯಿಂದ ಮರೆಯಾಗುತ್ತಿತ್ತು. ಹೆಸರಿಗೆ ಬೆಳ್ಳಿಯದಾಗಿದ್ದ ನಾಣ್ಯದಲ್ಲಿ ಗ್ಯಾಲಿಯೆನಸ್‌ನ ಕೊನೆಯ ವರ್ಷಗಳ ಹೊತ್ತಿಗೆ ಬೆಳ್ಳಿಯ ಅಂಶ ಶೇಕಡಾ 5ಕ್ಕಿಂತ ಕೆಳಗಿಳಿದು, ಅದು ಬೆಳ್ಳಿಯ ಲೇಪವಿರುವ ಕಂಚಾಗಿತ್ತು. ಚಿತ್ರದ ಭರವಸೆ ಮೊದಲಿನಷ್ಟೇ ದೊಡ್ಡದು, ಅದನ್ನು ಹೊತ್ತ ಲೋಹ ಮಾತ್ರ ಬಡವಾಗಿತ್ತು.

ಈ ಸರಣಿಯ ಕೊನೆಯ ಮುಖ್ಯ ಉದಾಹರಣೆ ಕಾನ್‌ಸ್ಟಂಟೈನ್‌ನ ಪತ್ನಿ ಫೌಸ್ಟಾಳದು. 324ರಲ್ಲಿ ಅವಳಿಗೆ 'ಅಗಸ್ಟಾ' ಬಿರುದು ಬಂದ ಮೇಲೆ ಲಂಡನ್ನಿನಿಂದ ಅಲೆಕ್ಸಾಂಡ್ರಿಯಾದವರೆಗಿನ ಟಂಕಸಾಲೆಗಳು ಅವಳ ಸಣ್ಣ ಕಂಚಿನ ನಾಣ್ಯಗಳನ್ನು ಹೊರಡಿಸಿದವು. ಹಿಂಬದಿಯಲ್ಲಿ ಎರಡು ಕೂಸುಗಳನ್ನು ಎದೆಗವಚಿ ನಿಂತ ತಾಯಿ. ಬರಹ 'ರಾಜ್ಯದ ಕ್ಷೇಮ' ಅಥವಾ 'ರಾಜ್ಯದ ಆಶೋತ್ತರ'. ಎರಡು ವರ್ಷಗಳೊಳಗೆ, 326ರಲ್ಲಿ, ಕಾನ್‌ಸ್ಟಂಟೈನ್ ಮೊದಲು ತನ್ನ ಹಿರಿಯ ಮಗ ಕ್ರಿಸ್ಪಸ್‌ನನ್ನೂ ಅನಂತರ ಫೌಸ್ಟಾಳನ್ನೂ ಕೊಲ್ಲಿಸಿದನು. ಕಾರಣದ ಬಗ್ಗೆ ಪ್ರಾಚೀನ ಲೇಖಕರೇ ಭಿನ್ನವಾಗಿ ಬರೆದಿದ್ದಾರೆ. ಅವಳ ನಾಣ್ಯಗಳು ನಿಂತುಹೋದವು. ಚಲಾವಣೆಯಲ್ಲಿದ್ದವು ಜನರ ಕೈಯಲ್ಲಿ ಹಾಗೆಯೇ ಉಳಿದವು. ಅವಳ ಮೂವರು ಮಕ್ಕಳು ಸಾಮ್ರಾಜ್ಯವನ್ನು ಹಂಚಿಕೊಂಡರು. ಒಬ್ಬನು 340ರಲ್ಲಿ ತಮ್ಮನ ಸೈನ್ಯದೊಡನೆ ಹೋರಾಡುತ್ತ ಮಡಿದನು. ಆ ತಮ್ಮನು 350ರ ದಂಗೆಯಲ್ಲಿ ಸತ್ತನು. ಮೂರನೆಯವನು 361ರಲ್ಲಿ ಗಂಡುಸಂತಾನವಿಲ್ಲದೆ ತೀರಿಕೊಂಡನು.

ಚಿತ್ರ ಮತ್ತು ಲೆಕ್ಕ

ಮುನ್ನೂರು ವರ್ಷಗಳ ಈ ನಾಣ್ಯಗಳನ್ನು ಸಾಲಾಗಿ ಜೋಡಿಸಿ ನೋಡಿದಾಗ ಒಂದು ಅಂಶ ಎದ್ದು ಕಾಣುತ್ತದೆ. ಉತ್ತರಾಧಿಕಾರಕ್ಕೆ ಸ್ಪಷ್ಟ ನಿಯಮ ರೂಪಿಸಲಾರದ ವ್ಯವಸ್ಥೆಯೊಂದು ಆ ಕೊರತೆಯನ್ನು ತುಂಬುವ ಭಾರವನ್ನು ಮನೆಯ ಹೆಣ್ಣುಮಕ್ಕಳ ಮೇಲೆ ಹೊರಿಸಿತು. ಗಂಡುಮಗು ಹುಟ್ಟಿದಾಗ ಅವಳು ದೇವತೆ. ರಾಜಕಾರಣ ತಿರುಗಿದಾಗ ಅವಳೇ ಗಡೀಪಾರಾಗುವವಳು. ಅವಳು ಕಳೆದುಕೊಂಡ ಮಕ್ಕಳನ್ನು ನಾಣ್ಯಗಳು ಎಣಿಕೆಗೆ ತೆಗೆದುಕೊಳ್ಳಲಿಲ್ಲ. ಕುಟುಂಬದ ಒಡೆತನದಲ್ಲಿ ನಡೆಯುವ ವ್ಯಾಪಾರ ಸಂಸ್ಥೆಗಳು ಹೆಚ್ಚಿರುವ ನಮ್ಮ ದೇಶದಲ್ಲಿ ಇದು ದೂರದ ಕಥೆಯೆನಿಸಬೇಕಾಗಿಲ್ಲ. ಯಜಮಾನನ ನಂತರ ಯಾರು ಎಂಬ ಪ್ರಶ್ನೆಗೆ ಉಯಿಲು, ಪಾಲುದಾರಿಕೆ ಪತ್ರ, ಹೊಣೆಗಾರಿಕೆಯ ಹಂಚಿಕೆಗಳ ಮೂಲಕ ಕಾಲದಲ್ಲಿ ಉತ್ತರ ಬರೆದಿಡದ ಮನೆಗಳಲ್ಲಿ ಇಂದಿಗೂ ನಿರೀಕ್ಷೆಯ ಭಾರ ಬೀಳುವುದು ಸೊಸೆಯ ಮಡಿಲ ಮೇಲೆಯೇ.

ವೆಲೆಯಾದ ಫಲಕವೂ ಫೌಸ್ಟಿನಾಳ ನಾಣ್ಯವೂ ಸರಿಸುಮಾರು ಒಂದೇ ಲೋಹದವು, ಒಂದೇ ಶತಮಾನದವು. ಫಲಕದಲ್ಲಿ ದೇವತೆಗಳಿಲ್ಲ, ಹಣ್ಣುಗಳ ಕೊಂಬೂ ಇಲ್ಲ. ಅಡಮಾನದ ಜಮೀನು, ಬಡ್ಡಿಯ ದರ, ತಿಂಗಳಿಗೆ ಹದಿನಾರು ಮತ್ತು ಹನ್ನೆರಡು ಸೆಸ್ಟರ್ಶಿಯಸ್‌ಗಳ ವಿವರವಷ್ಟೇ ಇದೆ. ಅದರಲ್ಲಿ ಅನ್ಯಾಯವಿದ್ದರೆ ಆ ಅನ್ಯಾಯವೂ ಎಣಿಸಿ ತೋರಿಸಬಹುದಾದಷ್ಟು ಸ್ಪಷ್ಟವಾಗಿದೆ. ಆ ಹಣದಿಂದ ಒಂದು ಸಣ್ಣ ಪಟ್ಟಣದ 281 ಮಕ್ಕಳಿಗೆ ಪ್ರತಿ ತಿಂಗಳೂ ಅನ್ನದ ದಾರಿಯಾಯಿತು.